ಐದನೆಯ ರೀಲಿನ ಕತ್ತಲು

ರೀಲು ಬಿಡುವವರು ಊರ ತುಂಬ ಇದ್ದಾರೆ, ರೀಲು ಕಟ್ಟುವವಳು ಇವಳೊಬ್ಬಳೇ ಎಂದು ಟಾಕೀಸಿನ ಗೇಟಿನವನು ಯಾವತ್ತೋ ಒಂದು ದಿನ ನಗೆಯಾಡಿದ. ಅಂದಿನಿಂದ ಅವಳಿಗೆ ರೀಲಮ್ಮ ಎಂಬ ಹೆಸರೇ ನಿಂತುಬಿಟ್ಟಿತು. ಹೆತ್ತವರು ಇಟ್ಟ ಹೆಸರು ಎಲ್ಲೋ ಕಾಗದಪತ್ರದಲ್ಲಿ ಉಳಿಯಿತು, ಅಷ್ಟೇ. ಗಂಡ ಅದೇ ಟಾಕೀಸಿನ ಆಪರೇಟರ್. ಅವನು ಯಂತ್ರ ಓಡಿಸಿ ಪರದೆಯ ಮೇಲೆ ಬೆಳಕು ಬಿಡುತ್ತಿದ್ದ. ಅವಳು ಪಕ್ಕದ ಕೋಣೆಯಲ್ಲಿ ಕುಳಿತು, ಆ ಯಂತ್ರಕ್ಕೆ ಏರುವ ಮುಂಚೆ ಪ್ರತಿಯೊಂದು ರೀಲನ್ನೂ ಬೆರಳಿನಿಂದ ನೋಡುತ್ತಿದ್ದಳು.

ಬೆರಳಿನಿಂದ ನೋಡುವುದು ಎಂದರೆ ಹೀಗೆ. ಉದ್ದನೆಯ ಮೇಜಿನ ಎರಡು ತುದಿಗೆ ಕೈಹಿಡಿಕೆ ಇರುವ ಎರಡು ಚಕ್ರ. ನಡುವೆ ಕೆಳಗಿನಿಂದ ಬಲ್ಬು ಉರಿಯುವ ಗಾಜು. ಎಡಗೈಗೆ ಹತ್ತಿಯ ಗವಸು ಹಾಕಿ, ಫಿಲಂನ ಎರಡು ಅಂಚುಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬಲಗೈಯಲ್ಲಿ ಚಕ್ರ ತಿರುಗಿಸಬೇಕು. ಅಂಚಿನ ತೂತು ಎಲ್ಲಾದರೂ ಹರಿದಿದ್ದರೆ ಗವಸಿನ ನೂಲು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಲ್ಲಿ ನಿಲ್ಲಿಸಿ, ಕತ್ತರಿಸಿ, ತುದಿಯನ್ನು ಬ್ಲೇಡಿನಿಂದ ಹೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸಬೇಕು. ಒಂಬತ್ತಕ್ಕೆ ಬಿಟ್ಟರೆ ಹಿಡಿಯುವುದಿಲ್ಲ. ಹನ್ನೆರಡಕ್ಕೆ ಬಿಟ್ಟರೆ ಒಣಗಿ ಬಿರುಸಾಗುತ್ತದೆ. ಅವಳು ಹಾಕಿದ ಅಂಟು ಯಂತ್ರದಲ್ಲಿ ಒಮ್ಮೆಯೂ ಕಿತ್ತುಬರಲಿಲ್ಲ. ಹೊರಗಿನ ಊರುಗಳ ಆಪರೇಟರುಗಳೂ, ಆ ಟಾಕೀಸಿನಿಂದ ಬಂದ ಡಬ್ಬವನ್ನು ಕಣ್ಣುಮುಚ್ಚಿ ಯಂತ್ರಕ್ಕೆ ಹಾಕಬಹುದು ಎನ್ನುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಬಿದ್ದಿಲ್ಲ ಎಂದರೆ ಸುಳ್ಳಾಗುತ್ತದೆ.

ಓದು ಎರಡನೆಯ ಕ್ಲಾಸಿಗೆ ನಿಂತಿತ್ತು. ಅಕ್ಷರವನ್ನು ಒಂದೊಂದೇ ಹೆಕ್ಕಿ ಕೂಡಿಸಬೇಕು, ಆದರೆ ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಡಬ್ಬದ ಮೇಲಿನ ರೀಲಿನ ಸಂಖ್ಯೆ, ಎಷ್ಟು ಅಡಿ, ಎಷ್ಟು ಚೌಕ, ಆ ಕೆಲಸಕ್ಕೆ ಅಷ್ಟು ಸಾಕು. ಸಿನಿಮಾವನ್ನು ಅವಳು ನೋಡುತ್ತಿದ್ದದ್ದು ಚೌಕಗಳಲ್ಲೇ. ನಾಯಕಿ ತಲೆಕೆಳಗಾಗಿ ಅಳುತ್ತಿರುವುದು, ನಾಯಕನ ಗುದ್ದು ಖಳನ ದವಡೆಗೆ ಗೇಣು ದೂರದಲ್ಲೇ ನಿಂತದ್ದು, ಎಲ್ಲವೂ ಅವಳಿಗೆ ಗೊತ್ತು. ಹೊಸ ಸಿನಿಮಾ ಹೇಗಿದೆ ಎಂದು ಯಾರಾದರೂ ಕೇಳಿದರೆ, ಮೂರನೆಯ ರೀಲು ಸ್ವಲ್ಪ ಬಿರುಸು, ಉಳಿದದ್ದು ಪರವಾಗಿಲ್ಲ ಎನ್ನುವಳು.

ಅವಳಿಗೆ ಮೂವತ್ತೈದಾಗಿದ್ದಾಗ ಗಾಜಿನ ಹಡಗಿನ ಸಿನಿಮಾ ಬಂತು. ಅದರ ನಿಜವಾದ ಹೆಸರು ನಾಲಿಗೆಗೆ ಹೊರಳದಂಥದ್ದು, ಹಾಗಾಗಿ ಊರೆಲ್ಲ ಗಾಜಿನ ಹಡಗು ಎಂದೇ ಕರೆಯಿತು. ಎಂಟು ಡಬ್ಬ. ಆಕಾಶದಲ್ಲಿ ಹೋಗಿ ಹಿಂದಿರುಗದೆ ಉಳಿದ ಒಂದು ಹಡಗನ್ನು ಹುಡುಕಿಕೊಂಡು ಇನ್ನೊಂದು ಹಡಗು ಹೋಗುತ್ತದೆ, ಕಥೆ ಇಷ್ಟೇ. ಮೊದಲನೆಯ ರೀಲು ತಿರುಗಿಸುವಾಗ ಎಲ್ಲೂ ಹರಿಯದ ಜಾಗದಲ್ಲಿ ಅವಳ ಕೈ ತಾನಾಗಿ ನಿಂತಿತು. ಭೂತಗನ್ನಡಿ ಹಿಡಿದು ನೋಡಿದಳು. ಆ ಹಡಗಿನ ಮೈ ಎಂದರೆ ಲಾಟೀನಿನ ಬುರುಡೆಗಳು, ಔಷಧಿಯ ಸೀಸೆಗಳು, ಒಂದು ಆಲಿಕೆ. ಒಂದಕ್ಕೊಂದು ಅಂಟಿಸಿ, ಒಳಗೆ ದೀಪ ಇಟ್ಟಿದ್ದರು. ಎರಡನೆಯ ರೀಲಿನ ಒಂದೇ ಒಂದು ಚೌಕದಲ್ಲಿ ಹಡಗನ್ನು ತೂಗುಹಾಕಿದ ನೂಲು ಕಾಣುತ್ತಿತ್ತು. ಇನ್ನೊಂದು ಕಡೆ, ದೊಡ್ಡ ಗ್ರಹದ ಕೆನ್ನೆಯ ಮೇಲೆ ಯಾರದೋ ಹೆಬ್ಬೆಟ್ಟಿನ ಗುರುತು ಉಳಿದಿತ್ತು. ಯಂತ್ರದಲ್ಲಿ ಓಡುವಾಗ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ಗಂಡನನ್ನು ಕರೆದು ತೋರಿಸಿದಳು. ಇದನ್ನು ಮಾಡಿದವರೂ ನಮ್ಮ ಹಾಗೆಯೇ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕೂತವರು ಎಂದಳು. ಗಂಡ ನಕ್ಕು, ಅವರಿಗೆ ನಮ್ಮ ಹಾಗೆ ಬೆನ್ನುನೋವೂ ಬಂದಿರಬೇಕು ಎಂದ.

ಆ ಪ್ರತಿ ಮೈತುಂಬ ಗಾಯ ಮಾಡಿಕೊಂಡು ಬಂದಿತ್ತು. ಹಿಂದಿನ ಯಾವುದೋ ಟಾಕೀಸಿನಲ್ಲಿ ಧೂಳು ತುಂಬಿದ ಯಂತ್ರದಲ್ಲಿ ಎಳೆದಾಡಿದ್ದರು. ಧೂಳು ಚುಚ್ಚಿದ ಕಡೆಯೆಲ್ಲ ಸೂಜಿಮೊನೆಯಷ್ಟು ಬಣ್ಣ ಎದ್ದುಹೋಗಿ, ಪರದೆಯ ಮೇಲೆ ಬಿಳಿ ಚುಕ್ಕಿಗಳು ಕುಣಿಯುತ್ತವೆ. ಅದಕ್ಕೆ ಅವಳ ಬಳಿ ಮದ್ದಿತ್ತು. ದೀಪದ ಮಸಿಯನ್ನು ಗೋಂದಿನಲ್ಲಿ ಅರೆದು, ಎರಡೇ ಎರಡು ಕೂದಲಿನ ಕುಂಚದಿಂದ, ಭೂತಗನ್ನಡಿಯ ಕೆಳಗೆ, ಚುಕ್ಕಿಯ ಮೇಲೆ ಚುಕ್ಕಿ ಇಡುವುದು. ಯಾವುದು ಚಿತ್ರ, ಯಾವುದು ಧೂಳಿನ ಗಾಯ ಎಂದು ತಿಳಿಯಲು ಗಂಡ ಒಂದು ಸೂತ್ರ ಕಲಿಸಿದ್ದ. ಒಂದು ಚೌಕದಲ್ಲಿ ಇದ್ದ ಜಾಗದಲ್ಲೇ ಮುಂದಿನ ಚೌಕದಲ್ಲೂ ಇದ್ದರೆ ಅದು ಚಿತ್ರ. ಜಾಗ ಬದಲಿಸಿದರೆ ಧೂಳು.

ಐದನೆಯ ರೀಲಿನ ನಡುವೆ ಮೂವತ್ತು ಅಡಿ ಬರೀ ಕಪ್ಪು ಬಂತು. ಎಷ್ಟು ಕೂಗಿದರೂ ಕಳೆದುಹೋದ ಹಡಗಿನಿಂದ ಉತ್ತರ ಬಾರದೆ, ಹಡಗು ಒಂದು ದೀಪ ಬಿಟ್ಟು ಉಳಿದೆಲ್ಲ ದೀಪ ಆರಿಸಿಕೊಂಡು ಮುಂದೆ ಹೋಗುವ ಜಾಗ ಅದು. ಆ ಕಪ್ಪಿನ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಅವಳು ಸೂತ್ರದ ಪ್ರಕಾರ ಚೌಕ ಚೌಕವನ್ನೂ ಹೋಲಿಸಿ ನೋಡಿದಳು. ನಡುವಿನ ದೀಪ ಒಂದೇ ಜಾಗದಲ್ಲಿತ್ತು. ಚುಕ್ಕಿಗಳಲ್ಲಿ ಒಂದೂ ಎರಡು ಚೌಕಗಳಲ್ಲಿ ಒಂದೇ ಕಡೆ ನಿಂತಿರಲಿಲ್ಲ. ಅಡಿಗೆ ಹದಿನಾರರಂತೆ ನಾನೂರ ಎಂಬತ್ತು ಚೌಕ. ಶುಕ್ರವಾರ ಮೊದಲ ಆಟ. ಅವಳು ಮೂರು ದಿನ ಕುತ್ತಿಗೆ ಎತ್ತದೆ ಕುಳಿತು, ಒಂದು ಚುಕ್ಕಿಯೂ ಬಿಡದ ಹಾಗೆ ಎಲ್ಲವನ್ನೂ ಮುಚ್ಚಿದಳು. ನಡುವಿನ ದೀಪವನ್ನು ಮುಟ್ಟಲಿಲ್ಲ.

ಶುಕ್ರವಾರ ಹಿಂದಿನ ಬಾಗಿಲಿನ ಪರದೆ ಸರಿಸಿ ನಿಂತು ನೋಡಿದಳು. ತನ್ನ ಕೆಲಸ ಹೇಗೆ ಬಂದಿದೆ ನೋಡುವ ಆಸೆ. ಆ ಜಾಗ ಬಂತು. ಗೋಡೆಯಷ್ಟು ದೊಡ್ಡ ಕತ್ತಲು, ಅದರೊಳಗೆ ಸಾಸಿವೆಯಷ್ಟು ಬೆಳಕು ಚಿಕ್ಕದಾಗುತ್ತ ಹೋಯಿತು. ಇಪ್ಪತ್ತು ಸೆಕೆಂಡು. ಎಂಟುನೂರು ಜನ ಕೂತ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ, ಒಂದು ಕುರ್ಚಿ ಕಿರುಗುಟ್ಟಲಿಲ್ಲ. ಆಟ ಮುಗಿದು ಮೆಟ್ಟಿಲಿಳಿಯುವ ಜನ ಸಾವಿನ ಮನೆಯಿಂದಲೋ ಹೆರಿಗೆಯ ಮನೆಯಿಂದಲೋ ಬರುವವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಮರುದಿನದಿಂದ ಎಲ್ಲ ಆಟಕ್ಕೂ ಹಾಲು ತುಂಬಿತು.

ನಾಲ್ಕನೆಯ ದಿನ ಅವಳು ಟಿಕೆಟ್ ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದಳು. ಸಿನಿಮಾದ ಫೋಟೋಗಳನ್ನು ಚುಚ್ಚಿಡುವ ಪೆಟ್ಟಿಗೆ ಅದು. ಅದರ ಮೂಲೆಯ ಫೋಟೋದಲ್ಲಿ ಅದೇ ಹಡಗು, ಅದೇ ಒಂದು ದೀಪ. ಸುತ್ತಲೂ ಕಪ್ಪಿನ ತುಂಬ ನಕ್ಷತ್ರಗಳು.

ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಮಧ್ಯಾಹ್ನದ ಆಟ ಮುಗಿದ ಮೇಲೆ ಗಂಡನಿಗೆ ಹೇಳಿದಳು. ಅವನು ಕೆಳಗಿಳಿದು ಬಂದು ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಇಷ್ಟು ಜನ ನೋಡಿದರು, ನಕ್ಷತ್ರ ಎಲ್ಲಿ ಎಂದು ಒಬ್ಬರಾದರೂ ಕೇಳಿದರೇ ಎಂದ. ಕಂಪನಿಗೆ ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ನಿನ್ನ ಕೈಗೆ ಇರುವ ಹೆಸರು ಹೋಗುತ್ತದೆ ಎಂದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೇಳಿ, ಇನ್ನೊಂದು ಫೋಟೋವನ್ನು ಅದರ ಮೇಲೆ ಚುಚ್ಚಿ ಯಂತ್ರದ ಕೋಣೆಗೆ ಹತ್ತಿಹೋದ.

ಮುಂದಿನ ವರ್ಷ ಆ ಡಬ್ಬಗಳನ್ನು ಕಳುಹಿಸಿದ್ದ ಕಂಪನಿಯೇ ಬಾಗಿಲು ಹಾಕಿತು. ವಾಪಸು ಕೇಳುವವರು ಯಾರೂ ಇಲ್ಲದೆ ಎಂಟು ಡಬ್ಬಗಳೂ ಅವಳ ಕೋಣೆಯ ಕಪಾಟಿನಲ್ಲಿ ಉಳಿದವು. ಎರಡು ಮೂರು ವರ್ಷಕ್ಕೊಮ್ಮೆ, ಹೊಸ ಸಿನಿಮಾ ಮಕಾಡೆ ಮಲಗಿದಾಗ, ಮ್ಯಾನೇಜರು ಗಾಜಿನ ಹಡಗು ತೆಗೆಯಿರಿ ಎನ್ನುತ್ತಿದ್ದ. ತೆಗೆದಾಗಲೆಲ್ಲ ಜನ ಬರುತ್ತಿದ್ದರು. ಚಿಕ್ಕವರಿದ್ದಾಗ ನೋಡಿದವರು ಮಕ್ಕಳನ್ನು ಕರೆತಂದರು, ಆಮೇಲೆ ಮೊಮ್ಮಕ್ಕಳನ್ನು. ಅಷ್ಟರಲ್ಲಿ ಬೇರೆ ಬೇರೆ ಆಕಾಶದ ಸಿನಿಮಾಗಳೂ ಬಂದಿದ್ದವು. ಪಟ್ಟಣಗಳೇ ಹಾರುವ, ಗ್ರಹಗಳೇ ಉರಿದುಹೋಗುವ ಸಿನಿಮಾಗಳು. ಅವನ್ನು ನೋಡಿ ಹೊರಬಂದವರು ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಬೇರೆ ಮಾತಿಗೆ ಹೊರಳುತ್ತಿದ್ದರು. ಈ ಸೀಸೆಬುರುಡೆಯ ಹಡಗನ್ನು ಮಾತ್ರ ವರ್ಷಗಟ್ಟಲೆ ನೆನೆಯುತ್ತಿದ್ದರು. ಗಾಜಿನಂಗಡಿಯವನಂತೂ ಪ್ರತಿ ಸಲವೂ ಅಕ್ಕಪಕ್ಕದವರಿಗೆ, ಹಡಗಿನ ಕುತ್ತಿಗೆ ನನ್ನ ಅಂಗಡಿಯಲ್ಲಿ ಸಿಗುವ ನಾಲ್ಕನೇ ನಂಬರಿನ ಬುರುಡೆ ಎಂದು ಹೇಳಿ ಬೈಸಿಕೊಳ್ಳುತ್ತಿದ್ದ.

ಟಾಕೀಸಿನ ಎದುರು ಅಂಗಡಿಸಾಲಿನ ದರ್ಜಿ ಒಂದು ಸಲವೂ ತಪ್ಪಿಸಿಕೊಂಡವನಲ್ಲ, ಬಂದಾಗಲೆಲ್ಲ ಎರಡು ಆಟ ನೋಡುತ್ತಿದ್ದ. ಸಿನಿಮಾ ಮೊದಲ ಸಲ ಬಂದ ವರ್ಷವೇ ಅವನ ಹೆಂಡತಿ ತೀರಿಕೊಂಡಿದ್ದಳು. ಮನೆಯ ಕತ್ತಲು ಅವನಿಗೆ ಆಗುತ್ತಿರಲಿಲ್ಲ, ದೀಪ ಹಚ್ಚಿಯೇ ಮಲಗುತ್ತಿದ್ದ. ಐದನೆಯ ರೀಲಿನ ಕತ್ತಲಲ್ಲಿ ಮಾತ್ರ ಜೀವ ಹಗುರಾಗುತ್ತದೆ ಎನ್ನುತ್ತಿದ್ದ. ಉಳಿದ ಸಿನಿಮಾದವರು ಎಲ್ಲವನ್ನೂ ತಾವೇ ತುಂಬಿ ಕೊಡುತ್ತಾರೆ, ಇವರು ನನಗೆ ಕೂರಲು ಜಾಗ ಬಿಟ್ಟಿದ್ದಾರೆ ಎಂದು ಅವನ ಲೆಕ್ಕ. ಒಂದು ಸಲ ರೀಲಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕ, ಆ ಕತ್ತಲು ಮಾಡಿದ ಕೈಗೆ ಚಿನ್ನದ ಬಳೆ ತೊಡಿಸಬೇಕು."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಎಷ್ಟೋ ಸಲ ಐದನೆಯ ಡಬ್ಬ ಇಳಿಸಿ, ಬಟ್ಟೆ ಒದ್ದೆ ಮಾಡಿಕೊಂಡು, ಮತ್ತೆ ಹಾಗೆಯೇ ಮೇಲಿಟ್ಟಳು. ಮೊದಮೊದಲು ಹೆದರಿಕೆ. ಆಮೇಲೆ ದರ್ಜಿಯ ಮುಖ ಅಡ್ಡ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ, ಒರೆಸಿದರೆ ಅವನ ಮಾತನ್ನೇ ಒರೆಸಿದ ಹಾಗೆ ಎನ್ನಿಸಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಎಪ್ಪತ್ತು ತುಂಬಿದ ವರ್ಷ, ಟಾಕೀಸಿನವರು ಹಳೆಯ ಯಂತ್ರ ತೆಗೆದು ಫಿಲಂ ಬೇಡದ ಹೊಸ ಯಂತ್ರ ಹಾಕುವುದೆಂದು ನಿಶ್ಚಯಿಸಿದರು. ಹಳೆಯ ಫಿಲಂಗಳನ್ನು ಕಾಪಾಡುವ ಚಿತ್ರಭಂಡಾರದಿಂದ ಒಬ್ಬಳು ಮೇಡಂ ಬಂದಳು. ನಲವತ್ತರ ಆಸುಪಾಸು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟವಳು. ಗಾಜಿನ ಹಡಗಿನ ಪ್ರತಿ ಬೇರೆ ಕಡೆ ಎರಡೇ ಉಳಿದಿವೆ, ಎರಡರಲ್ಲೂ ಐದನೆಯ ರೀಲು ಕೊಳೆತುಹೋಗಿದೆ, ಪೂರ್ತಿ ಇರುವುದು ಇದೊಂದೇ ಎಂದು ವಿವರಿಸಿದಳು. ಇದರಿಂದ ಹೊಸ ನಕಲು ತೆಗೆದು ಎಲ್ಲ ಕಡೆ ತೋರಿಸುತ್ತೇವೆ, ಇನ್ನು ಮುಂದೆ ಗಾಜಿನ ಹಡಗು ಎಂದರೆ ಅದೇ ಎಂದಳು. ಪ್ರತಿಯೊಂದು ಅಂಟೂ ನಿಮಗೆ ಗೊತ್ತಂತೆ, ನನ್ನ ಜೊತೆ ಕೂತು ತೋರಿಸುತ್ತೀರಾ ಎಂದು ಕೇಳಿದಳು.

ದಿನಕ್ಕೆ ಎರಡು ರೀಲು. ಮೊದಲ ದಿನ ಮೇಡಂ ತನ್ನಷ್ಟಕ್ಕೆ ತಾನು ಇನ್ನೊಂದು ಸಂಗತಿ ಹೇಳಿದಳು. ಈ ಟಾಕೀಸಿನಲ್ಲಿ ನೋಡಿದ ಬಲ್ಲವರು ಆ ಇಪ್ಪತ್ತು ಸೆಕೆಂಡಿನ ಬಗ್ಗೆ ಪತ್ರಿಕೆಗಳಲ್ಲಿ ಬರೆದಿದ್ದಾರಂತೆ. ಎಲ್ಲರೂ ಆಕಾಶದ ತುಂಬ ನಕ್ಷತ್ರ ಮೆತ್ತುತ್ತಿದ್ದ ಕಾಲದಲ್ಲಿ ಈ ಸಿನಿಮಾದ ನಿರ್ದೇಶಕನೊಬ್ಬ ನಕ್ಷತ್ರವೇ ಇಲ್ಲದ ಆಕಾಶ ತೋರಿಸುವ ಎದೆಗಾರಿಕೆ ಮಾಡಿದ ಎಂದು. ಆದ್ದರಿಂದ ನಕಲು ತೆಗೆಯುವಾಗ ಆ ಕಪ್ಪು ಒಂದಿಷ್ಟೂ ತಿಳಿಯಾಗದ ಹಾಗೆ ನೋಡಿಕೊಳ್ಳಬೇಕಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ರೀಲಮ್ಮ ಬೆರಳ ತುದಿಯಲ್ಲಿ ಮಸಿ ಇದೆಯೋ ಎಂದು ನೋಡಿಕೊಂಡಳು.

ಎರಡು ದಿನದಲ್ಲಿ ನಾಲ್ಕು ರೀಲು ಮುಗಿದವು. ಸುಮ್ಮನಿದ್ದರೆ ಅವಳ ಕೈಯ ಹೆಸರು ಉಳಿಯುತ್ತಿತ್ತು. ನೂಲು ಕಟ್ಟಿ, ಸೀಸೆ ಅಂಟಿಸಿ, ಗ್ರಹದ ಮೇಲೆ ಹೆಬ್ಬೆಟ್ಟು ಒತ್ತಿ ಬಿಟ್ಟುಹೋದವರ ಆಕಾಶ ಮಾತ್ರ ಇನ್ನು ಯಾವತ್ತೂ ಹೊರಬರುತ್ತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಮೇಡಂ ಐದನೆಯ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದಾಗ, ಅವಳು ಆ ಮುಚ್ಚಳದ ಮೇಲೆ ತನ್ನ ಕೈ ಇಟ್ಟಳು.

"ತೆಗೆಯೋ ಮುಂಚೆ ಒಂದು ಮಾತು ಮೇಡಂ. ಅದರಲ್ಲಿ ನಕ್ಷತ್ರ ಇದ್ವು. ಮುಚ್ಚಿದ್ದು ನಾನು."

ಹೇಳಲು ಶುರು ಮಾಡಿದ ಮೇಲೆ ಎಲ್ಲವನ್ನೂ ಬಿಡದೆ ಹೇಳಿದಳು. ಮಸಿ, ಗೋಂದು, ಮೂರು ದಿನ, ಗಾಜಿನ ಪೆಟ್ಟಿಗೆಯ ಫೋಟೋ. ಗಂಡ ಏನೆಂದನೆಂಬುದನ್ನೂ ಮುಚ್ಚಿಡಲಿಲ್ಲ, ಆದರೆ ಆ ಮಾತು ಕೇಳಿ ಸುಮ್ಮನಿದ್ದದ್ದು ತಾನು ಎಂದು ಸೇರಿಸಿದಳು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಅವಳ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಯಾವ ಕಡೆ ಹಚ್ಚಿದ್ರಿ ಅಮ್ಮ?"

"ಹೊಳಪಿನ ಕಡೆ. ಇನ್ನೊಂದು ಕಡೆ ಚಿತ್ರ ಇರತ್ತಲ್ಲ, ಆ ಕಡೆ ನಾನು ಉಸಿರೂ ಬಿಡೋದಿಲ್ಲ."

ಹಾಗಾದರೆ ಚಿತ್ರಕ್ಕೆ ಏನೂ ಆಗಿಲ್ಲ, ಒರೆಸಬಹುದು ಎಂದಳು ಮೇಡಂ. ಕಪ್ಪಿನ ಕೊನೆಯ ಚೌಕವನ್ನು ಗಾಜಿನ ಮೇಲೆ ಮಲಗಿಸಿದರು. ರೀಲಮ್ಮ ಮೆದು ಬಟ್ಟೆಯ ಚುಂಗನ್ನು ನೀರಿಗೆ ಅದ್ದಿ, ಹಿಂಡಿ, ಕೆನ್ನೆಗೆ ಒತ್ತಿ ಹಸಿ ಎಷ್ಟಿದೆ ಎಂದು ನೋಡಿ, ಒಂದೇ ದಿಕ್ಕಿಗೆ ಎಳೆದಳು. ಬಟ್ಟೆಯ ಮೇಲೆ ಬೂದು ಗೆರೆ ಬಂತು. ಭೂತಗನ್ನಡಿಯಲ್ಲಿ ಹನ್ನೊಂದು ಚುಕ್ಕಿಗಳು ಕಂಡವು.

ಆಮೇಲೆ ಮೇಡಂ ನಗಲು ಶುರು ಮಾಡಿದವಳು ಕುರ್ಚಿ ಎಳೆದುಕೊಂಡು ಕೂತಳು. ಆ ಸಿನಿಮಾದಲ್ಲಿ ಕೆಲಸ ಮಾಡಿದ ಒಬ್ಬ ಸಹಾಯಕ, ಸಾಯುವ ಮುಂಚೆ, ನಕ್ಷತ್ರದ ನೀರು ತಯಾರಿಸಲು ಮೂರು ವಾರ ಹಿಡಿಯಿತು ಎಂದು ಹೇಳಿ ಬರೆಸಿದ್ದನಂತೆ. ಗಾಜನ್ನು ಕುಟ್ಟಿ ಹಿಟ್ಟು ಮಾಡಿ, ತೊಟ್ಟಿಯ ನೀರಿಗೆ ಉದುರಿಸಿ, ಪಕ್ಕದಿಂದ ಬೆಳಕು ಬಿಟ್ಟು ಚಿತ್ರ ತೆಗೆದರಂತೆ. ಸಿನಿಮಾದಲ್ಲಿ ಅಂಥ ಜಾಗವೇ ಇಲ್ಲವಲ್ಲ ಎಂದು ಭಂಡಾರದವರು ತಲೆ ಕೆರೆದುಕೊಂಡು, ಮುದುಕನಿಗೆ ಮರೆವು ಎಂದು ಬಿಟ್ಟುಬಿಟ್ಟಿದ್ದರು.

"ಅದಕ್ಕೇ ಅವು ಒಂದು ಕಡೆ ನಿಲ್ಲಲಿಲ್ಲ," ಎಂದಳು ಮೇಡಂ. "ನೀವು ಧೂಳು ಅಂದ್ಕೊಂಡಿದ್ದು ಸರಿ ಅಮ್ಮ. ಅದು ಧೂಳೇ."

ಉಳಿದದ್ದನ್ನು ಭಂಡಾರದಲ್ಲಿ ಯಂತ್ರದಿಂದ ತೊಳೆಸೋಣ ಎಂದು ಮೇಡಂ ಹೇಳಿದಳು. ರೀಲಮ್ಮ ಒಪ್ಪಲಿಲ್ಲ. ಮಸಿ ಅರೆದವಳು ನಾನು, ಎಷ್ಟು ಹಸಿಗೆ ಬಿಡುತ್ತದೆ ಎಂದು ನನಗೆ ಗೊತ್ತು ಎಂದಳು. ಪೊರೆ ತೆಗೆಸಿದ ಕಣ್ಣು, ದಿನಕ್ಕೆ ನಲವತ್ತು ಚೌಕದ ಮೇಲೆ ಆಗುತ್ತಿರಲಿಲ್ಲ. ಹನ್ನೆರಡು ದಿನದ ಕೆಲಸ.

ನಾಲ್ಕನೆಯ ದಿನ ದರ್ಜಿ ಬಂದ. ಅವನಿಗೂ ಅವಳೇ ಹೇಳಿದಳು, ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು. ಅವನು ಮೇಜಿನ ಮೇಲೆ ಕಪ್ಪಾಗಿ ಬಿದ್ದಿದ್ದ ಬಟ್ಟೆಯ ಚುಂಗುಗಳನ್ನು ನೋಡುತ್ತ ನಿಂತ.

"ಹಾಗಾದ್ರೆ ಇಪ್ಪತ್ತಾರು ಸಲ ನಾನು ನೋಡಿದ್ದು ನಿಮ್ಮ ಮಸೀನಾ ಅಕ್ಕ?"

"ಹೌದು ತಮ್ಮ."

"ಇನ್ನೂ ಎಷ್ಟು ಉಳಿದಿದೆ?"

"ಮುನ್ನೂರ ಇಪ್ಪತ್ತು."

"ಬಿಟ್ಟುಬಿಡಿ. ಅಷ್ಟಾದ್ರೂ ಇರಲಿ."

ಅವಳು ಭೂತಗನ್ನಡಿ, ಬಟ್ಟೆ ಎಲ್ಲವನ್ನೂ ಪಕ್ಕಕ್ಕಿಟ್ಟಳು. "ನೀನು ಹೊಲಿದ ಅಂಗಿಯ ಗುಂಡಿ ಎಲ್ಲ ನಾನು ಕಿತ್ತುಹಾಕಿದ್ರೆ ಸುಮ್ಮನಿರ್ತಿದ್ಯಾ?"

"ಕಿತ್ತ ಮೇಲೇ ಅಂಗಿ ಚೆನ್ನಾಗಿ ಕಂಡಿದ್ರೆ?"

"ಆದ್ರೂ ಹೊಲಿದವನು ನೀನು ಅಲ್ವೇನಪ್ಪ."

ದರ್ಜಿ ಮೆಟ್ಟಿಲಿಳಿದು ಹೋದ. ಮುಂದಿನ ಎಂಟು ದಿನವೂ ಅವಳು ಬಂದುಹೋಗುವಾಗ ಅವನು ಹೊಲಿಗೆಯಂತ್ರದಿಂದ ತಲೆ ಎತ್ತಲಿಲ್ಲ. ಅವಳಿಗೆ ಅದು ಮೇಡಂ ಮುಂದೆ ಬಾಯಿ ಬಿಟ್ಟದ್ದಕ್ಕಿಂತ ಭಾರವಾಯಿತು. ಆದರೂ ದಿನಕ್ಕೆ ನಲವತ್ತು ಎಂದರೆ ನಲವತ್ತು. ಹನ್ನೆರಡನೆಯ ದಿನ ಕೊನೆಯ ಚೌಕ ಒಣಗಿದ ಮೇಲೆ, ರೀಲು ಸುತ್ತಿ, ಡಬ್ಬಕ್ಕೆ ಹಾಕಿ, ಮೇಡಂ ಕೈಗೆ ಕೊಟ್ಟಳು.

ಏಳು ತಿಂಗಳಾದ ಮೇಲೆ ಹೊಸ ನಕಲು ಅದೇ ಟಾಕೀಸಿಗೆ ಬಂತು. ಅಷ್ಟರೊಳಗೆ ಒಬ್ಬ ಪಂಡಿತ, ಭಂಡಾರದವರು ಜನ ಮೆಚ್ಚಲೆಂದು ಈಗ ನಕ್ಷತ್ರ ಸೇರಿಸಿ ಒಳ್ಳೆಯ ಸಿನಿಮಾ ಕೆಡಿಸಿದರು ಎಂದು ಪತ್ರಿಕೆಗೆ ಬರೆದೂ ಆಗಿತ್ತು. ಮೇಡಂ ಅದನ್ನು ರೀಲಮ್ಮನಿಗೆ ಓದಿ ಹೇಳಿ, ಇಬ್ಬರೂ ಟೀ ಲೋಟ ಕೆಳಗಿಟ್ಟು ನಕ್ಕಿದ್ದರು.

ಮಧ್ಯಾಹ್ನದ ಆಟ. ರೀಲಮ್ಮ ಬದುಕಿನಲ್ಲಿ ಮೊದಲ ಸಲ ಆ ಹಾಲಿನ ನಡುಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತು ಗಾಜಿನ ಹಡಗು ನೋಡಿದಳು. ಆಟ ಶುರುವಾದ ಮೇಲೆ ಯಾರೋ ಬಂದು, ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಕೆಮ್ಮಿನಿಂದ ದರ್ಜಿ ಎಂದು ಗೊತ್ತಾಯಿತು. ಹಡಗು ಕೂಗಿ ಕೂಗಿ ಸುಮ್ಮನಾಯಿತು. ದೀಪಗಳು ಒಂದೊಂದಾಗಿ ಆರಿದವು. ಆಗ ಸುತ್ತಲೂ ಅವು ಕಂಡವು, ಬಿಸಿಲಕೋಲಿನಲ್ಲಿ ಧೂಳು ತೇಲುವ ಹಾಗೆ, ಒಂದು ಮುಳುಗಿದರೆ ಇನ್ನೊಂದು ಮಿನುಗುತ್ತ. ಆಕಾಶವೇ ಉಸಿರಾಡುತ್ತಿತ್ತು. ಸಾಸಿವೆಯಷ್ಟು ದೀಪ ಅವುಗಳ ನಡುವೆ ಹೋಗಿ ಹೋಗಿ, ಯಾವುದು ದೀಪ ಯಾವುದು ನಕ್ಷತ್ರ ಎಂದು ಗುರುತು ಹತ್ತದ ಹಾಗೆ ಬೆರೆತುಹೋಯಿತು. ಹಡಗು ಆ ಜಾಗಕ್ಕೆ ಏಕೆ ಹೋಯಿತೆಂಬುದು ಅವಳಿಗೆ ಆಗ ತಿಳಿಯಿತು. ಮೂವತ್ತೈದು ವರ್ಷ ಅದು ಒಂಟಿಯಾಗಿ ಹೋಗುತ್ತಿದ್ದದ್ದು ಅವಳಿಂದ.

ಆಟ ಮುಗಿದು ಮೆಟ್ಟಿಲಿಳಿಯುವಾಗ ದರ್ಜಿ ಅವಳ ಪಕ್ಕಕ್ಕೆ ಬಂದ. ಹೇಗಿತ್ತು ಎಂದು ಕೇಳುವ ಧೈರ್ಯ ಬರಲು ಅವಳಿಗೆ ನಾಲ್ಕು ಮೆಟ್ಟಿಲು ಬೇಕಾಯಿತು.

"ಆ ಜಾಗ ಬಂದಾಗ ಕಣ್ಣು ಮುಚ್ಕೊಂಡೆ ಅಕ್ಕ," ಎಂದ ಅವನು. "ನನ್ನ ಕತ್ತಲು ನನಗೆ ಸಿಕ್ತು. ಇಪ್ಪತ್ತು ಎಣಿಸಿ ಕಣ್ಣು ಬಿಡೋಣ ಅಂತಿದ್ದೆ. ಹದಿನೈದಕ್ಕೇ ತಡೆಯೋಕಾಗಲಿಲ್ಲ, ಬಿಟ್ಟುಬಿಟ್ಟೆ."

"ಏನು ಕಂಡಿತು?"

"ಐದು ಎಣಿಸೋಷ್ಟು ಹೊತ್ತು ಏನು ಕಾಣತ್ತೆ? ಬಹಳ ಇದ್ವು." ಅವನು ಕಟಕಟೆ ಹಿಡಿದುಕೊಂಡು ಇನ್ನೊಂದು ಮೆಟ್ಟಿಲಿಳಿದ. "ನಾಳೆ ಮತ್ತೆ ಬರ್ತೀನಿ. ಹತ್ತಕ್ಕೇ ಬಿಟ್ಟು ನೋಡ್ತೀನಿ."

ನಾಳೆ ನಡುವೆ ಕುರ್ಚಿ ಬಿಡದೆ ಕೂತುಕೋ ಎಂದಳು ಅವಳು.